ಸಾಸಿವೆ ಸಿಡಿದ ಸಮಯ

ಬೀದರ ನಗರದ ಜಿಲ್ಲಾ ಗೋದಾಮು ಸಮನ್ವಯ ಉಪಕಚೇರಿಯಲ್ಲಿ ಪ್ರತಿವರ್ಷ ಮೇ ತಿಂಗಳ ಮೂರನೆಯ ಶನಿವಾರ ಮಧ್ಯಾಹ್ನ ಒಂದೂವರೆ ಗಂಟೆಗೆ ಸಿಬ್ಬಂದಿಯ ಬೇಸಿಗೆ ಸಹಭೋಜನ ನಡೆಯತಕ್ಕದ್ದು ಎಂದು ಆದೇಶವಿದೆ, ಮತ್ತು ಅದು ನಡೆಯುತ್ತದೆ. ಈ ಭಾಗದ ಬಿಸಿಲಿಗೆ ಹೆದರಿ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಕಚೇರಿ ಬೆಳಗ್ಗೆ ಎಂಟಕ್ಕೆ ತೆರೆದು ಒಂದೂವರೆಗೆ ಮುಚ್ಚುತ್ತದೆ. ಹಾಗಾಗಿ ಊಟದಿಂದ ಸರ್ಕಾರಿ ಕೆಲಸಕ್ಕೆ ತೊಂದರೆಯಿಲ್ಲ, ಸರ್ಕಾರಿ ಕೆಲಸದಿಂದ ಊಟಕ್ಕೂ ತೊಂದರೆಯಿಲ್ಲ. ಹದಿನೆಂಟು ಮಂದಿ ಸಿಬ್ಬಂದಿ ತಂತಮ್ಮ ಮನೆಯಿಂದ ಒಂದೊಂದು ಪದಾರ್ಥ ತಂದು, ಅಂಗಳದ ಬೇವಿನ ಮರದ ಕೆಳಗೆ ಸಾಲಾಗಿ ಇಟ್ಟು, ಹಂಚಿಕೊಂಡು ತಿನ್ನತಕ್ಕದ್ದು. ಹೊಸಬರು ಇದನ್ನು ಪಾಟ್‌ಲಕ್ ಅನ್ನುತ್ತಾರೆ. ಸುತ್ತೋಲೆಯಲ್ಲಿ ಮಾತ್ರ 'ಸೌಹಾರ್ದ ಸಂವರ್ಧನಾರ್ಥ ಸಹಭೋಜನ' ಎಂದೇ ಇದೆ.

ಈ ಪದಪುಂಜ ಸುಶೀಲಕುಮಾರನದು. ಪ್ರಥಮ ದರ್ಜೆ ಸಹಾಯಕ ಸುಶೀಲಕುಮಾರನಷ್ಟು ಚೆನ್ನಾಗಿ ಟಿಪ್ಪಣಿ ಬರೆಯುವವರು ಆ ಕಟ್ಟಡದಲ್ಲಿ ಇನ್ನೊಬ್ಬರಿಲ್ಲ. ಇದನ್ನು ಎಲ್ಲರಿಗಿಂತ ಮೊದಲು ಕಂಡುಕೊಂಡವನು ಸ್ವತಃ ಸುಶೀಲಕುಮಾರನೇ. 'ಸದರಿ', 'ಮೇಲ್ಕಂಡ', 'ತತ್ಸಂಬಂಧವಾಗಿ' ಎಂಬ ಮೂರು ಶಬ್ದ ಸಿಕ್ಕರೆ ಅವನು ಎಂಥ ಸುಳ್ಳನ್ನೂ ನಿಯಮವನ್ನಾಗಿ ಮಾಡಬಲ್ಲ. ಭಾಲ್ಕಿಯ ಸಂತೆಯಲ್ಲಿ ಒಮ್ಮೆ ಬದನೆಕಾಯಿ ಕೊಳ್ಳುವಾಗ "ಸದರಿ ಬದನಿಕಾಯಿಗಿ ಹುಳ ಅವ ಏನ್ರೀ?" ಎಂದು ಕೇಳಿದ್ದನಂತೆ. ಅವನ ಹೆಂಡತಿ ಆಮ್ರಪಾಲಿ ಸಾಲೆಯ ಮಾಸ್ತರಣಿ. ಈ ಪ್ರಸಂಗವನ್ನು ಅವಳು ಬಂದವರಿಗೆಲ್ಲ ಹೇಳುತ್ತಾಳೆ. ಅವನು ಅದನ್ನು ಹೊಗಳಿಕೆ ಎಂದು ತಿಳಿದಿದ್ದಾನೆ.

ಸಹಭೋಜನಕ್ಕೆ ಯಾರು ಏನು ತರಬೇಕೆಂಬುದನ್ನು ಚೀಟಿ ಎತ್ತಿ ತೀರ್ಮಾನಿಸಲಾಗುತ್ತದೆ. ಚೀಟಿಯ ಮುಂದೆ ಎಲ್ಲರೂ ಸಮಾನರು. ಅದಕ್ಕಾಗಿ ಎರಡು ಸ್ಟೀಲಿನ ಡಬ್ಬಿಗಳಿವೆ. ದೊಡ್ಡ ಡಬ್ಬಿಯಲ್ಲಿ ಗೋಧಿ ಹುಗ್ಗಿ, ಎಣ್ಣೆಗಾಯಿ, ಪುಂಡಿಪಲ್ಯ, ಜೋಳದ ರೊಟ್ಟಿ, ಚಿತ್ರಾನ್ನ ಮೊದಲಾಗಿ ಹದಿನೈದು ಚೀಟಿ. ಅವನ್ನು ಹದಿನೈದು ಮಂದಿ ಎತ್ತುತ್ತಾರೆ. ಸಣ್ಣ ಡಬ್ಬಿಯಲ್ಲಿ ಮೂರು ಚೀಟಿ: ಉಣ್ಣುವ ಎಲೆಯಾದ ಪತ್ರೊಳಿ, ಕುಡಿಯುವ ನೀರಿಗೆ ಹಾಕುವ ಬರ್ಫ, ಸಲಾಡ. ಅವನ್ನು ಹಿರಿಯ ಗುಮಾಸ್ತ ರಿಚರ್ಡ, ಜೀಪಿನ ಚಾಲಕ ಗೌಸೋದ್ದೀನ ಮತ್ತು ಸುಶೀಲಕುಮಾರ ಎತ್ತುತ್ತಾರೆ. ಯಾರು ಯಾವ ಡಬ್ಬಿಗೆ ಕೈ ಹಾಕಬೇಕೆಂದು ಎಲ್ಲಿಯೂ ಬರೆದಿಲ್ಲ. ಬರೆಯುವ ಅಗತ್ಯವೇ ಬಿದ್ದಿಲ್ಲ. ನಮ್ಮ ಕಡೆ ಹೆಸರು ಹೇಳಿದರೆ ಊರು ಕೇಳುತ್ತಾರೆ, ಊರು ಹೇಳಿದರೆ ಓಣಿ ಕೇಳುತ್ತಾರೆ, ಓಣಿ ಹೇಳಿದ ಮೇಲೆ ಮತ್ತೇನೂ ಕೇಳುವುದಿಲ್ಲ. ಸುಶೀಲಕುಮಾರ ಔರಾದ ತಾಲೂಕಿನ ಡಾಬಕಾದವನು. ಓಣಿಯನ್ನು ಅವನು ಕೆಲಸಕ್ಕೆ ಸೇರಿದ ಮೊದಲ ವಾರವೇ ಹೇಳಿದ್ದ.

ಏಳು ವರ್ಷದಿಂದ ರಿಚರ್ಡನಿಗೆ ಪತ್ರೊಳಿ, ಗೌಸೋದ್ದೀನನಿಗೆ ಬರ್ಫ, ಸುಶೀಲಕುಮಾರನಿಗೆ ಸಲಾಡ ಬರುತ್ತಿದೆ. ಅದಕ್ಕೂ ಮೊದಲಿನ ಎರಡು ವರ್ಷ ಮೂವರೊಳಗೆ ಅದಲುಬದಲಾದದ್ದುಂಟು. ಆಮೇಲೆ ರಿಚರ್ಡನ ಸ್ಕೂಟರಿಗೆ ಹಿಂದೆ ಕ್ಯಾರಿಯರ್ ಇದೆ, ಗೌಸೋದ್ದೀನನಿಗೆ ಬರ್ಫದ ಕಾರಖಾನೆಯವರ ಗುರುತಿದೆ ಎಂಬ ಆಡಳಿತಾತ್ಮಕ ಕಾರಣಗಳಿಂದ ಚೀಟಿಗಳೂ ತಮ್ಮ ಜಾಗ ಹಿಡಿದವು. ಒಲೆಯ ಮೇಲೆ ಇಟ್ಟದ್ದು ಯಾವುದೂ ಈ ಮೂರು ಮನೆಗಳಿಂದ ಬೇವಿನ ಮರದ ಕೆಳಗೆ ಬಂದಿಲ್ಲ. ಕ್ರಿಸ್‌ಮಸ್ಸಿಗೆ ರಿಚರ್ಡನ ಹೆಂಡತಿ ದೊರ್ಕಾ ಕೇಕು ಮಾಡಿ ಕಳಿಸಿದರೆ ಕಚೇರಿಯಲ್ಲಿ ಎಲ್ಲರೂ ಬಹಳ ಹೊಗಳುತ್ತಾರೆ. ಹೊಗಳಿ, ಮನೆಯಲ್ಲಿ ನಿಧಾನಕ್ಕೆ ತಿನ್ನುತ್ತೇವೆಂದು ಹಾಳೆಯಲ್ಲಿ ಸುತ್ತಿಕೊಂಡು ಹೋಗುತ್ತಾರೆ.

ಇಲ್ಲಿ ಒಂದು ಸಂಗತಿಯನ್ನು ಮುಚ್ಚಿಡುವಂತಿಲ್ಲ. 'ಒಲೆ ತಾಗದ ಪದಾರ್ಥಗಳಿಗಾಗಿ ಪ್ರತ್ಯೇಕ ಡಬ್ಬಿಯೊಂದನ್ನು ಇರಿಸತಕ್ಕದ್ದು' ಎಂಬ ಕಂಡಿಕೆಯನ್ನು ಬರೆದವನು ಸುಶೀಲಕುಮಾರನೇ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅಧೀಕ್ಷಕಿ ಮಹಾಮಾಯಾ ಮೇಡಂ ಕರೆದು ಮೌಖಿಕವಾಗಿ ಸೂಚಿಸಿದ್ದರು, ಅವನು ಲಿಖಿತವಾಗಿ ಅರಳಿಸಿದ್ದ. ವಾಕ್ಯ ಎಷ್ಟು ಚೆಂದ ಬಂದಿತ್ತೆಂದರೆ ಅವನು ಅದನ್ನು ಎರಡು ಸಲ ಗಟ್ಟಿಯಾಗಿ ಓದಿಕೊಂಡಿದ್ದ. ಅದರ ಅರ್ಥ ಅವನಿಗೆ ಹೊಳೆದದ್ದು ಮೂರನೆಯ ವರ್ಷದಲ್ಲಿ, ಈಳಿಗೆಯ ಮುಂದೆ ಕೂತು ಸೌತೆಕಾಯಿ ಹೆಚ್ಚುವಾಗ. ಅಷ್ಟರಲ್ಲಿ ಅದು ಪೂರ್ವನಿದರ್ಶನವಾಗಿತ್ತು. ಪೂರ್ವನಿದರ್ಶನವನ್ನು ಮುರಿಯುವುದು ಅವನ ಸ್ವಭಾವದಲ್ಲಿರಲಿಲ್ಲ.

ಕಳೆದ ವರ್ಷದ ಬೇಸಿಗೆಗೆ ಅವನ ತಾಯಿ ಅಂಜನಾಬಾಯಿ ಕಣ್ಣಿನ ಪೊರೆ ತೆಗೆಸಲು ಡಾಬಕಾದಿಂದ ಬಂದವಳು ಭಾಲ್ಕಿಯಲ್ಲಿ ಮಗನ ಮನೆಯಲ್ಲೇ ಉಳಿದಿದ್ದಳು. ಚೀಟಿ ಎತ್ತಿದ ದಿನ ಅವನು ಮಧ್ಯಾಹ್ನದ ಬಸ್ಸಿಗೆ ಮನೆಗೆ ಬಂದಾಗ, ಅವಳು ಗೋಡೆಯ ಮೇಲಿನ ಬುದ್ಧನ ಪಟದ ಕೆಳಗೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು.

"ನಿನ್ನ ಪಾಳಿಗಿ ಏನ್ ಬಂತೋ?"

"ಸಲಾಡ."

"ಹಂಗಂದ್ರ?"

"ಸೌತಿಕಾಯಿ, ಉಳ್ಳಾಗಡ್ಡಿ, ಗಜ್ಜರಿ ಹೆಚ್ಚಿ ಒಯ್ಯೋದವ್ವಾ."

"ಹ್ವಾದ ವರ್ಷ?"

"ಸಲಾಡ."

"ಅದರ ಹಿಂದಿನ ವರ್ಷ?"

ಸುಶೀಲಕುಮಾರ ಚಪ್ಪಲಿ ಹುಡುಕುವವನಂತೆ ಮಂಚದ ಕೆಳಗೆ ಬಗ್ಗಿದ. ಚಪ್ಪಲಿ ಅವನ ಕಾಲಲ್ಲೇ ಇತ್ತು.

"ಆ ರಿಚರ್ಡಗ ಏನ್ ಬರ್ತದ?"

"ಪತ್ರೊಳಿ."

"ಗೌಸೋದ್ದೀನಗ?"

"ಬರ್ಫ."

ಅಂಜನಾಬಾಯಿಯ ಬೆರಳು ನಿಂತವು. ಮಗನಿಗೆ ಅರ್ಥವಾಗಲು ಮೂರು ವರ್ಷ ಹಿಡಿದದ್ದು ಅವಳಿಗೆ ಅರ್ಧ ಹುಣಸೆಹಣ್ಣು ಬಿಡಿಸುವಷ್ಟರಲ್ಲಿ ಅರ್ಥವಾಗಿತ್ತು.

"ನಿಮ್ಮ ಮೂರೂ ಮಂದಿ ಮನ್ಯಾಗ ಒಲಿ ಇಲ್ಲ ಅಂತ ತಿಳಕೊಂಡಾರೇನು ಅವರು?"

"ಚೀಟಿ ಅವ್ವಾ, ಚೀಟಿ. ನಸೀಬ ಅದು."

"ಹೌದಪ್ಪ. ಭಾಳ ಶಾಣ್ಯಾ ನಸೀಬ ಅದ. ಬರೋಬ್ಬರಿ ಓಣಿ ನೋಡಿ ಬರ್ತದ."

ಅವಳು ಮತ್ತೆ ಬೀಜ ಬಿಡಿಸತೊಡಗಿದಳು. ಅವನಿಗೆ ನಾಚಿಕೆಯಾಯಿತು. ತನ್ನ ಬಗ್ಗೆ ಅಲ್ಲ. ಇಷ್ಟು ವರ್ಷ 'ಆಫೀಸಿನ್ಯಾಗ ಎಲ್ಲಾರೂ ಕೂಡಿ ಊಟ ಮಾಡ್ತಾರ' ಎಂದು ಊರಲ್ಲಿ ಅವಳು ಹೆಮ್ಮೆಯಿಂದ ಹೇಳಿಕೊಂಡು ತಿರುಗಿದ್ದು ನೆನಪಾಗಿ. ಆಮೇಲೆ ಅವಳೇ ಹೇಳಿದಳು: "ಸಲಾಡ ಅಂದಾರಲ್ಲ, ಸಲಾಡೇ ಒಯ್ಯಿ. ಖಮಂಗ ಕಾಕಡಿ ಒಯ್ಯಿ."

ಡಾಬಕಾದಿಂದ ನಾಲ್ಕು ಹೆಜ್ಜೆ ಹಾಕಿದರೆ ಮಹಾರಾಷ್ಟ್ರ. ಖಮಂಗ ಕಾಕಡಿ ಆ ಕಡೆಯಿಂದ ಬಂದು ಈ ಕಡೆಯ ಅಡುಗೆಮನೆಗಳಲ್ಲಿ ಉಳಿದುಕೊಂಡದ್ದು. ಎಳೆಯ ಸೌತೆಕಾಯಿಯನ್ನು ಸಣ್ಣಗೆ ಹೆಚ್ಚಿ ಹಿಂಡಬೇಕು. ಹುರಿದ ಶೇಂಗಾದ ಪುಡಿ, ನಿಂಬೆಹುಳಿ, ಕೊತ್ತಂಬರಿ ಹಾಕಬೇಕು. ಕೊನೆಗೆ ಸಾಸಿವೆ, ಜೀರಿಗೆ, ಹಸಿಮೆಣಸಿನಕಾಯಿಯ ಒಗ್ಗರಣೆಯನ್ನು ಸೌಟಿನಿಂದ ಚುರ್ ಎಂದು ಸುರಿಯಬೇಕು. ಒಗ್ಗರಣೆ ಇಲ್ಲದಿದ್ದರೆ ಅದು ಬರೀ ಸೌತೆಕಾಯಿ.

"ಒಂದ್ ಚಮಚಾ ತಿನ್ಲಿ ಅವರು," ಅಂದಳು ಅಂಜನಾಬಾಯಿ. "ನನ್ನ ಒಲಿ ಮ್ಯಾಲ ಸಿಡದಿದ್ದು ಒಂದ್ ಸಾಸಿವಿ ಅವರ ಹೊಟ್ಟ್ಯಾಗ ಹೋಗ್ಲಿ. ಮುಂದ ನಾ ಏನೂ ಕೇಳಂಗಿಲ್ಲ."

ಸುಶೀಲಕುಮಾರನಿಗೂ ಅದೇ ಬೇಕಾಗಿತ್ತು. ಏಳು ವರ್ಷದಿಂದ, ತನ್ನ ಡಬ್ಬಿಯಿಂದ ಒಮ್ಮೆಯಾದರೂ ಹಬೆಯಾಡುವುದೇನಾದರೂ ಬಡಿಸಬೇಕೆಂದು ಅವನಿಗೆ ಆಸೆಯಿತ್ತು. ಮತ್ತೊಬ್ಬನಾಗಿದ್ದರೆ ಶನಿವಾರ ಬೆಳಗ್ಗೆ ಒಗ್ಗರಣೆ ಹಾಕಿಸಿಕೊಂಡು, ಡಬ್ಬಿಗೆ ಮುಚ್ಚಳ ಬಿಗಿದು, ಬಸ್ಸು ಹತ್ತುತ್ತಿದ್ದ. ಯಾರೂ ಕೇಳುತ್ತಿರಲಿಲ್ಲ, ಕೇಳಿದರೂ ತಿಂದಾದ ಮೇಲೆ ಕೇಳುತ್ತಿದ್ದರು. ಸುಶೀಲಕುಮಾರ ಹಾಗೆ ಮಾಡಲಿಲ್ಲ. ಅವನು ಒಂದು ಕಡತ ತೆರೆದ.

ವಿಷಯ: ಸಲಾಡಿಗೆ ಒಗ್ಗರಣೆ ಹಾಕುವ ಕುರಿತು ಸ್ಪಷ್ಟೀಕರಣ. 'ಸದರಿ ಸಲಾಡನ್ನು ಒಲೆ ತಾಗದ ಪದಾರ್ಥವೆಂದು ವರ್ಗೀಕರಿಸಲಾಗಿದ್ದು, ತತ್ಸಂಬಂಧವಾಗಿ ಒಗ್ಗರಣೆಯು ಒಲೆ ತಾಗಿದಾಗ್ಯೂ ಸೌತೆಕಾಯಿಯು ಒಲೆ ತಾಗಿರುವುದಿಲ್ಲವಾದ್ದರಿಂದ, ಮೇಲ್ಕಂಡ ಒಗ್ಗರಣೆಯು ಸೌತೆಕಾಯಿಯ ವರ್ಗವನ್ನು ಬದಲಿಸುವುದೋ ಅಥವಾ ಸೌತೆಕಾಯಿಯು ಒಗ್ಗರಣೆಯ ವರ್ಗವನ್ನು ಬದಲಿಸುವುದೋ ಎಂಬ ಬಗ್ಗೆ ಆದೇಶ ಕೋರಿದೆ.' ಬರೆದು ಮುಗಿಸಿ ಅವನು ಎರಡು ಸಲ ಗಟ್ಟಿಯಾಗಿ ಓದಿಕೊಂಡ. ಪಕ್ಕದ ಮೇಜಿನ ರಿಚರ್ಡ ಕನ್ನಡಕ ಕೆಳಗಿಳಿಸಿ ನೋಡಿದ.

"ಸುಶೀಲಕುಮಾರ, ಕಡತ ಯಾಕ ತೆಗದಿಪಾ? ಸುಮ್ಮ ಹಾಕ್ಕೊಂಡು ಬರಬೇಕಿಲ್ಲ?"

"ನಿಯಮದಾಗ ಬರಬೇಕ್ರಿ ಸರ್. ನಾಳಿ ಯಾರೂ ಬೆರಳು ತೋರಸಬಾರದು."

"ಏಳು ವರ್ಷ ಆತು ನಾ ಪತ್ರೊಳಿ ತರ್ಲಾಕತ್ತು. ನಿಯಮದಾಗೇ ಅವ ಅವು," ಅಂದು ರಿಚರ್ಡ ಕನ್ನಡಕ ಮೇಲೇರಿಸಿಕೊಂಡ. ಬಾಗಿಲಲ್ಲಿ ನಿಂತಿದ್ದ ಗೌಸೋದ್ದೀನ ನಕ್ಕು, "ಬರ್ಫಕ್ಕ ಒಗ್ಗರಣಿ ಹಾಕಂಗಿಲ್ರಿ ಭಾಯಿ. ನಾ ಬಚಾವ್ ಆದೆ," ಅಂದ.

ಕಡತ ಮಹಾಮಾಯಾ ಮೇಡಂ ಅವರ ಮೇಜಿಗೆ ಹೋಯಿತು. ಅವರು ಒಳ್ಳೆಯವರು. ಸಿಬ್ಬಂದಿಯ ಮಕ್ಕಳ ಹುಟ್ಟಿದ ದಿನಗಳೆಲ್ಲ ಅವರಿಗೆ ಬಾಯಿಪಾಠ. ಸುಶೀಲಕುಮಾರನನ್ನು ಕರೆದು ಕೂಡಿಸಿ, ಫ್ಯಾನಿನ ವೇಗ ಹೆಚ್ಚಿಸಿ, ಬಹಳ ಅಕ್ಕರೆಯಿಂದ ಮಾತಾಡಿದರು.

"ನಿಮ್ಮ ಕೈಯಾಗಿನ ಸಲಾಡಂದ್ರ ಇಡೀ ಆಫೀಸಿಗೇ ಹೆಸರಾಗ್ಯಾದ್ರಿ. ಅಷ್ಟು ಛಂದ ಹೆಚ್ಚತೀರಿ. ಅದಕ್ಕ ಒಗ್ಗರಣಿ ಹಾಕಿ ಯಾಕ ಕೆಡಸ್ತೀರಿ?"

"ಕೆಡಂಗಿಲ್ರಿ ಮೇಡಂ, ರುಚಿ ಬರ್ತದ. ನಮ್ಮವ್ವ ಮಾಡ್ತಾಳ್ರಿ."

"ಅವ್ವ ಮಾಡ್ತಾರ," ಎಂದು ಮೇಡಂ ಮೆಲ್ಲಗೆ ಹೇಳಿ ಪೆನ್ನಿನ ಟೊಪ್ಪಿಗೆ ಹಾಕಿದರು, ತೆಗೆದರು. "ನಂದೇನೂ ಇಲ್ರಿ, ಖರೇ ಹೇಳ್ತೇನಿ. ಆದ್ರ ಬ್ಯಾಸಗಿ. ನನಗ ಎಣ್ಣಿ ಆಗಂಗಿಲ್ಲ. ಆ ಮೂಲಿ ಮೇಜಿನವರಿಗಿ ಸಾಸಿವಿ ಆಗಂಗಿಲ್ಲ. ಒಬ್ಬೊಬ್ಬರಿಗಿ ಒಂದೊಂದು ಇರ್ತದ."

ಹಿಂದಿನ ವರ್ಷ ಮೇಡಂ ಅವರು ಬೇರೆ ಮನೆಯ ಎಣ್ಣೆಗಾಯಿಯನ್ನು ಎರಡು ಸಲ ಹಾಕಿಸಿಕೊಂಡದ್ದು ಸುಶೀಲಕುಮಾರನಿಗೆ ನೆನಪಿತ್ತು. ಅದು ಕಡತದ ವ್ಯಾಪ್ತಿಗೆ ಬರುವುದಿಲ್ಲವೆಂದು ಸುಮ್ಮನಿದ್ದ. ಮೇಡಂ ಕಡತವನ್ನು ಕಚೇರಿಯ ಮುಖ್ಯಸ್ಥರಾದ ಸಾಹೇಬರಿಗೆ ಕಳಿಸಿದರು. ಸಾಹೇಬರು ಅದರ ಮೇಲೆ 'ಚರ್ಚಿಸಿ' ಎಂದು ಬರೆದರು. ಸಾಹೇಬರು ಎಲ್ಲದರ ಮೇಲೂ 'ಚರ್ಚಿಸಿ' ಎಂದೇ ಬರೆಯುತ್ತಾರೆ. ಒಮ್ಮೆ ಮಗಳ ಮದುವೆಯ ಆಮಂತ್ರಣ ಪತ್ರಿಕೆಯ ಮೇಲೂ ಬರೆದಿದ್ದರು.

ಚರ್ಚೆ ನಾಲ್ಕು ದಿನ ನಡೆಯಿತು. ಮೊದಲ ದಿನವೇ ಒಂದು ಹಳೆಯ ಪ್ರಕರಣ ಎದ್ದು ಬಂತು. ಸುಶೀಲಕುಮಾರ ಭಾಲ್ಕಿಯಿಂದ ಬಸ್ಸಿನಲ್ಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬರುತ್ತಾನೆ, ಕಿಟಕಿಯ ಬಿಸಿಲು ಒಂದೇ ಸಮ ಹೊಡೆಯುತ್ತದೆ, ಹಿಂದಿನ ವರ್ಷ ಸಲಾಡ ಮುಟ್ಟಿದರೆ ಬೆಚ್ಚಗಿತ್ತು. ಹಾಗಾದರೆ ಅದು ಬೆಂದಂತಾಯಿತೇ, ಮತ್ತು ತಿಂದವರ ಗತಿಯೇನು ಎಂದು ಮೂಲೆ ಮೇಜಿನವರು ಕೇಳಿದರು. ಸಭೆ ಗಂಭೀರವಾಯಿತು. ಸಾಹೇಬರು ಕಣ್ಣುಮುಚ್ಚಿ ಯೋಚಿಸಿ, "ಸೂರ್ಯ ಯಾರ ಮನಿಯವನೂ ಅಲ್ಲ. ಹಂಗಾಗಿ ಅಡ್ಡಿ ಇಲ್ಲ," ಅಂದರು. ಎಲ್ಲರಿಗೂ ಎದೆ ಹಗುರಾಯಿತು. ಉಳಿದ ಹದಿನೈದು ಮನೆಗಳ ಒಲೆ ಯಾರ ಮನೆಯವು ಎಂದು ಕೇಳಬೇಕೆಂದು ಸುಶೀಲಕುಮಾರನಿಗೆ ಬಾಯಿತನಕ ಬಂದಿತ್ತು. ಆದರೆ ಅಷ್ಟರಲ್ಲಿ ಸಾಹೇಬರು ನಿಯಮಾವಳಿಯ ಕರಡನ್ನು ಅವನೇ ಬರೆಯಬೇಕೆಂದು ಹೇಳಿಬಿಟ್ಟರು. ಅವನು ಪೆನ್ನು ತೆಗೆದ. ಪ್ರಶ್ನೆ ಮರೆತುಹೋಯಿತು.

'ಬೇಸಿಗೆ ಸಹಭೋಜನ (ಶಾಖ ಸ್ಪರ್ಶ) ನಿಯಮಗಳು' ಎಂಬ ಆ ಕರಡನ್ನು ಇಂದಿಗೂ ಹೊಸ ಗುಮಾಸ್ತರಿಗೆ ಮಾದರಿಯಾಗಿ ತೋರಿಸುತ್ತಾರೆ. ಅದರ ಪ್ರಕಾರ ಸಾಸಿವೆಯು ಸಿಡಿಯುವ ಮುನ್ನ ಕಚ್ಚಾ, ಸಿಡಿದ ನಂತರ ಪಕ್ಕಾ. ಅಂಗಡಿಯಿಂದ ತಂದ ಹುರಿದ ಶೇಂಗಾಕ್ಕೆ ಅಭ್ಯಂತರವಿಲ್ಲ, ಏಕೆಂದರೆ ಹುರಿದವನ ಓಣಿಯನ್ನು ಪೊಟ್ಟಣದ ಮೇಲೆ ನಮೂದಿಸಿರುವುದಿಲ್ಲ. ಸಣ್ಣ ಡಬ್ಬಿಯ ಪದಾರ್ಥಕ್ಕೆ ಒಗ್ಗರಣೆ ಹಾಕಲೇಬೇಕಾದ ಸಂದರ್ಭ ಬಂದರೆ, ಅದನ್ನು ಕಚೇರಿಯ ಆವರಣದಲ್ಲಿ, ಕಚೇರಿಯ ಸಮಯದಲ್ಲಿ, ಯಾರ ಮನೆಯದೂ ಅಲ್ಲದ ಶಾಖದಿಂದ ಹಾಕತಕ್ಕದ್ದು. ಸಾಸಿವೆ ಸಿಡಿದ ಸಮಯವನ್ನು ನಮೂನೆಯಲ್ಲಿ ದಾಖಲಿಸತಕ್ಕದ್ದು. ಒಗ್ಗರಣೆ ಆಗುವವರೆಗೆ ಉಳಿದ ಪದಾರ್ಥಗಳನ್ನೂ ಬಡಿಸತಕ್ಕದ್ದಲ್ಲ, ಏಕೆಂದರೆ ಇದು ಸಹಭೋಜನ. ತನ್ನ ಕಾಲಿಗೆ ತಾನೇ ಹಗ್ಗ ಕಟ್ಟಿಕೊಂಡು, ಗಂಟು ಎಷ್ಟು ಚೆಂದ ಬಂದಿದೆ ನೋಡಿರಿ ಎಂದು ತೋರಿಸುವ ಕೆಲಸವನ್ನು ಇಷ್ಟು ಶ್ರದ್ಧೆಯಿಂದ ಮಾಡಿದವರು ಜಿಲ್ಲೆಯಲ್ಲಿ ಇನ್ನೊಬ್ಬರಿರಲಿಕ್ಕಿಲ್ಲ.

ಯಾರ ಮನೆಯದೂ ಅಲ್ಲದ ಶಾಖವನ್ನು ಗೌಸೋದ್ದೀನ ಹುಡುಕಿಕೊಟ್ಟ. ಗೋದಾಮಿನ ಮೂಲೆಯಲ್ಲಿ ಯಾವುದೋ ಕಾಲದ ಯೋಜನೆಯಡಿ ಬಂದ ಒಂದು ಸೌರ ಒಲೆ, ರಟ್ಟಿನ ಪೆಟ್ಟಿಗೆಯ ಮೊಹರು ಒಡೆಯದೆ ಕೂತಿತ್ತು. ಅದನ್ನು ಹೇಗೆ ಬಳಸಬೇಕೆಂದು ತರಬೇತಿ ಕೊಟ್ಟ ಮೇಲೆಯೇ ತೆರೆಯಬೇಕು ಎಂದಿತ್ತು. ತರಬೇತಿ ಕೊಡಬೇಕಾದವರಿಗೆ ಒಲೆ ನೋಡದೆ ತರಬೇತಿ ಕೊಡಲು ಬರುತ್ತಿರಲಿಲ್ಲ. ಈಗ ವಿಶೇಷ ಆದೇಶದ ಮೇರೆಗೆ ಮೊಹರು ಒಡೆಯಲು ತೀರ್ಮಾನವಾಯಿತು.

ಸುಶೀಲಕುಮಾರ ಮನೆಗೆ ಹೋಗಿ ಗೆದ್ದವನಂತೆ ಹೇಳಿದ: "ಅವ್ವಾ, ಪರವಾನಗಿ ಸಿಕ್ತು. ಸಾಸಿವಿ ನಿಂದು, ಎಣ್ಣಿ ನಿಂದು, ಸೌಟೂ ನಿಂದೇ. ಬೆಂಕಿ ಅಷ್ಟೇ ಸರ್ಕಾರದ್ದು."

"ಹಂಗಾದ್ರ ಒಗ್ಗರಣಿ ಯಾರದು?" ಎಂದು ಅಂಜನಾಬಾಯಿ ಕೇಳಿದಳು.

ಇದು ಕರಡಿನಲ್ಲಿ ಬಿಟ್ಟುಹೋದ ಅಂಶವಾಗಿತ್ತು. ಅವಳು ಶನಿವಾರ ಬೆಳಗ್ಗೆ ಸೌತೆಕಾಯಿ ಹೆಚ್ಚಿಕೊಟ್ಟಳು, ಸಣ್ಣ ಡಬ್ಬಿಯಲ್ಲಿ ಸಾಸಿವೆ, ಜೀರಿಗೆ, ಹಸಿಮೆಣಸಿನಕಾಯಿ ಕಟ್ಟಿಕೊಟ್ಟಳು, ಕರಿಹಿಡಿದ ತನ್ನ ಒಗ್ಗರಣೆ ಸೌಟನ್ನು ಹಾಳೆಯಲ್ಲಿ ಸುತ್ತಿ ಚೀಲದಲ್ಲಿಟ್ಟಳು.

ಎಂಟೂವರೆಗೆ ರಿಚರ್ಡ ಮತ್ತು ಗೌಸೋದ್ದೀನನ ಸಾಕ್ಷಿಯಲ್ಲಿ ಪಂಚನಾಮೆ ಮಾಡಿ ಪೆಟ್ಟಿಗೆಯ ಮೊಹರು ಒಡೆಯಲಾಯಿತು. ಒಳಗೆ ಕಪ್ಪು ಬಣ್ಣ ಬಳಿದ ಒಂದು ಪೆಟ್ಟಿಗೆ, ಮೇಲೆ ಗಾಜು, ಮುಚ್ಚಳದೊಳಗೆ ಕನ್ನಡಿ. ಅದನ್ನು ಅಂಗಳದ ನಡುವೆ ಬಿಸಿಲಿಗೆ ಇಟ್ಟು, ಅದರೊಳಗೆ ಎಣ್ಣೆ ಮತ್ತು ಸಾಸಿವೆ ಹಾಕಿದ ಅಂಜನಾಬಾಯಿಯ ಸೌಟನ್ನು ಇಟ್ಟರು. ಸುಶೀಲಕುಮಾರ ನಮೂನೆ ತುಂಬಿದ: 'ಎಣ್ಣೆ ಇಟ್ಟ ಸಮಯ: 8.40. ಸಾಸಿವೆ ಸಿಡಿದ ಸಮಯ:' ಮುಂದೆ ಜಾಗ ಬಿಟ್ಟು, ಪೆನ್ನು ಹಿಡಿದು ಕೂತ.

ಒಂಬತ್ತಾಯಿತು, ಹತ್ತಾಯಿತು. ಬಿಸಿಲು ನೆತ್ತಿ ಸುಡುವಷ್ಟಿತ್ತು. ಬಗ್ಗಿ ನೋಡಿದ ಗುಮಾಸ್ತರ ಮುಖ ಬೆಂದವು, ಸಾಸಿವೆ ಮಾತ್ರ ತಣ್ಣಗೆ ಕೂತಿತ್ತು. ಹನ್ನೊಂದಕ್ಕೆ ಭಾತಂಬ್ರಾದ ರೈತರೊಬ್ಬರು ಗೋದಾಮಿನಲ್ಲಿಟ್ಟ ತೊಗರಿಯ ವಿಚಾರಕ್ಕೆ ಬಂದರು. ಸಿಬ್ಬಂದಿಯೆಲ್ಲ ಸಾಸಿವೆಯ ಕರ್ತವ್ಯದ ಮೇಲಿದ್ದಾರೆ, ಸೋಮವಾರ ಬರಬೇಕು ಎಂದು ಅವರಿಗೆ ತಿಳಿಸಲಾಯಿತು. ಅವರು ಪಟಕಾ ತೆಗೆದು ಗಾಜಿನೊಳಗೆ ಬಗ್ಗಿ ನೋಡಿದರು.

"ಇದು ಸಿಡಿಯಂಗಿಲ್ರಿ ಸಾಹೇಬ್ರ. ಒಲಿ ಮ್ಯಾಲ ಇಡ್ರಿ."

"ಬರವಣಿಗ್ಯಾಗ ಕೊಡ್ರಿ," ಎಂದರು ಮಹಾಮಾಯಾ ಮೇಡಂ.

ರೈತ ಅವರನ್ನೊಮ್ಮೆ, ಸಾಸಿವೆಯನ್ನೊಮ್ಮೆ ನೋಡಿ, ಪಟಕಾ ಸುತ್ತಿಕೊಂಡು ಹೋದರು.

ಹನ್ನೆರಡಕ್ಕೆ ಒಂದು ಮೋಡ ಬಂದು ಕಾಲು ಗಂಟೆ ನಿಂತಿತು. ಮೋಡ ಸರಿದ ಮೇಲೆ ಯಾರೋ ಕನ್ನಡಿಯನ್ನು ತಿರುಗಿಸಲು ಹೋಗಿ ಬೆಳಕು ಸಾಹೇಬರ ಕೋಣೆಗೆ ಬಿದ್ದು, ಸಾಹೇಬರು ಕಣ್ಣುಜ್ಜಿಕೊಂಡು ಹೊರಗೆ ಬಂದರು. ಒಂದೂವರೆಗೆ ಕಚೇರಿ ಮುಚ್ಚಿತು. ಬೇವಿನ ಮರದ ಕೆಳಗೆ ಹದಿನೈದು ಪಾತ್ರೆಗಳು ಮುಚ್ಚಳ ಹಾಕಿಕೊಂಡು ಕಾಯುತ್ತಿದ್ದವು. ಹುಗ್ಗಿಯ ಮೇಲೆ ಕೆನೆ ಕಟ್ಟಿತು. ರೊಟ್ಟಿ ಹಪ್ಪಳವಾಯಿತು. ಗೌಸೋದ್ದೀನನ ಬರ್ಫ ನೀರಾಗಿ ಹರಿದು ರಿಚರ್ಡನ ಪತ್ರೊಳಿಯನ್ನು ನೆನೆಸಿತು. ಎಲ್ಲರ ಹೊಟ್ಟೆಯೂ ತಾಳ ಹಾಕುತ್ತಿತ್ತು, ಆದರೆ ನಿಯಮ ಸ್ಪಷ್ಟವಾಗಿತ್ತು, ಮತ್ತು ಅಷ್ಟು ಸ್ಪಷ್ಟವಾಗಿ ಬರೆದವನನ್ನು ಎಲ್ಲರೂ ನೋಡುತ್ತಿದ್ದರು. ಸುಶೀಲಕುಮಾರ ಸೌಟನ್ನು ನೋಡುತ್ತಿದ್ದ. ಸಿಡಿಯೇ ತಾಯಿ, ಒಂದಾದರೂ ಸಿಡಿ, ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದ. ಸಾಸಿವೆಯ ಮುಂದೆ ಕೈಜೋಡಿಸಿದ್ದು ಅವನ ನೌಕರಿಯಲ್ಲಿ ಅದೇ ಮೊದಲು.

ಎರಡೂ ಹತ್ತಕ್ಕೆ ಸಾಹೇಬರು ಗಡಿಯಾರ ನೋಡಿದರು. ಅವರಿಗೆ ಸಕ್ಕರೆ ಕಾಯಿಲೆ, ಹೊತ್ತಿಗೆ ಸರಿಯಾಗಿ ತಿನ್ನಬೇಕು. ಅವರು ಕುರ್ಚಿಯ ತೋಳು ಹಿಡಿದು ಎದ್ದು ನಿಂತು ಮೌಖಿಕ ಆದೇಶ ಹೊರಡಿಸಿದರು: "ಸಾಸಿವೆಯು ಸಿಡಿದಿದೆ ಎಂದು ಭಾವಿಸತಕ್ಕದ್ದು."

ಎಲ್ಲರೂ ಒಮ್ಮೆ ಸೌಟಿನತ್ತ ಬಗ್ಗಿ ನೋಡಿದರು. ಆಮೇಲೆ ಮಹಾಮಾಯಾ ಮೇಡಂ ಕಿವಿಯ ಮೇಲಿನ ಸೆರಗು ಸರಿಸಿ, "ನನಗೂ ಏನೋ ಚಟ್ ಅಂದಂಗ ಆತ್ರಿ," ಅಂದರು. ಮೂಲೆ ಮೇಜಿನವರಿಗೆ ಅದು ಆಗಲೇ ಒಂದು ಗಂಟೆಯ ಸುಮಾರಿಗೆ ಕೇಳಿಸಿತ್ತು. ಇನ್ನೊಬ್ಬರಿಗೆ ಹನ್ನೆರಡಕ್ಕೇ ಕೇಳಿಸಿತ್ತು, ಸಂಕೋಚದಿಂದ ಹೇಳಿರಲಿಲ್ಲ.

"ನನಗೂ ಕೇಳಿಸ್ತರಿ," ಅಂದ ಗೌಸೋದ್ದೀನ. "ಹಸದ ಹೊಟ್ಟಿಗಿ ಭಾಳ ಕೇಳಸ್ತದ."

ಒಬ್ಬೊಬ್ಬರಿಗೆ ಒಂದೊಂದು ಹೊತ್ತಿಗೆ ಕೇಳಿಸಿದ್ದರಿಂದ ನಮೂನೆಯ ಆ ಒಂದು ಜಾಗವನ್ನು ಖಾಲಿ ಬಿಟ್ಟು, ಸೋಮವಾರದೊಳಗೆ ಸೂಕ್ತ ಸಮಯ ತುಂಬಿ ಸಲ್ಲಿಸುವಂತೆ ಸುಶೀಲಕುಮಾರನಿಗೆ ತಿಳಿಸಲಾಯಿತು. ಅವನು ಸೌಟು ತೆಗೆದು, ಉಗುರು ಬೆಚ್ಚಗಿನ ಎಣ್ಣೆಯನ್ನು ಸೌತೆಕಾಯಿಯ ಮೇಲೆ ಸುರಿದ. ಚುರ್ ಎನ್ನಲಿಲ್ಲ. ಹದಿನೇಳು ಮಂದಿಯೂ ಒಂದೊಂದು ಚಮಚ ಹಾಕಿಸಿಕೊಂಡರು, ಎಲ್ಲರ ಕಣ್ಣೆದುರೇ ತಿಂದರು, ಒಬ್ಬರೂ ಹಾಳೆಯಲ್ಲಿ ಸುತ್ತಿಕೊಳ್ಳಲಿಲ್ಲ. "ಒಗ್ಗರಣಿ ಭಾರೀ ಆಗ್ಯಾದ್ರಿ!" ಅಂದರು. ಸುಶೀಲಕುಮಾರನೂ ಬಾಯಿಗೆ ಹಾಕಿಕೊಂಡ. ಹಸಿ ಸಾಸಿವೆ ಹಲ್ಲಿಗೆ ಸಿಕ್ಕು ಕಹಿಯಾಯಿತು. "ಭಾರೀ ಆಗ್ಯಾದ," ಎಂದು ಅವನೂ ಅಂದ, ಉಳಿದವರಿಗಿಂತ ತುಸು ಗಟ್ಟಿಯಾಗಿ.

ಊಟದ ಕೊನೆಗೆ ಸಾಹೇಬರು ಎರಡು ಪ್ರಕಟಣೆ ಮಾಡಿದರು. ಒಗ್ಗರಣೆಯ ಯಶಸ್ಸನ್ನು ಪರಿಗಣಿಸಿ ಸಲಾಡನ್ನು ಸುಶೀಲಕುಮಾರ ಅವರಿಗೆ ನಿವೃತ್ತಿಯವರೆಗೆ ಕಾಯಂ ಮಾಡಲಾಗಿದೆ. ಸಮಾನತೆಯ ದೃಷ್ಟಿಯಿಂದ ಚೀಟಿ ಎತ್ತುವುದನ್ನು ಎಂದಿನಂತೆ ಮುಂದುವರಿಸಲಾಗುವುದು. ಎಲ್ಲರೂ ಚಪ್ಪಾಳೆ ತಟ್ಟಿದರು. ಸುಶೀಲಕುಮಾರ ಎದ್ದು ವಂದನೆ ಹೇಳಿ ಕೂತ.

ಸಂಜೆ ಐದರ ಹೊತ್ತಿಗೆ ಅವನು ಭಾಲ್ಕಿಯ ಮನೆ ಮುಟ್ಟಿದಾಗ ಅಂಜನಾಬಾಯಿ ಬಾಗಿಲಲ್ಲೇ ಇದ್ದಳು.

"ತಿಂದ್ರೇನು?"

"ತಿಂದ್ರವ್ವಾ. ಎಲ್ಲಾರೂ ತಿಂದ್ರು. ಸಾಹೇಬರೂ ತಿಂದ್ರು. ಹೊಗಳಿದ್ರು."

ಅವಳ ಮುಖ ಅರಳಿತು. ಆ ಮುಖ ನೋಡಿ ಅವನಿಗೆ ಒಂದು ಕ್ಷಣ ಎಲ್ಲವೂ ನಿಜವಾಗಿಯೇ ನಡೆದಂತೆ ಅನಿಸಿತು. ಅವಳು ಡಬ್ಬಿ ತೆಗೆದು, ತಳದಲ್ಲಿ ಉಳಿದದ್ದರಲ್ಲಿ ಒಂದಿಷ್ಟನ್ನು ಬೆರಳಿನಿಂದ ತೆಗೆದು ಬಾಯಿಗಿಟ್ಟುಕೊಂಡಳು. ಅಗಿದಳು. ನಿಲ್ಲಿಸಿದಳು.

"ಸಾಸಿವಿ ಹಸೀ ಅದಲ್ಲೋ."

"ಸಿಡದದವ್ವಾ," ಅಂದ ಸುಶೀಲಕುಮಾರ. "ಆದೇಶ ಆಗ್ಯಾದ. ನಡಾವಳಿಯೊಳಗೂ ಬರ್ತದ."

ಹೇಳಿದ ಮೇಲೆ ತನ್ನ ಧ್ವನಿ ತನಗೇ ಕೇಳಿಸಿತು, ಮತ್ತು ಅವನು ತಲೆ ತಗ್ಗಿಸಿದ. ಎದುರಿಗೆ ಹೆತ್ತ ತಾಯಿ, ಅವಳ ಬಾಯಲ್ಲಿ ಅವಳದೇ ಸಾಸಿವೆ, ಅವಳಿಗೆ ಆದೇಶ ತೋರಿಸುತ್ತಿದ್ದಾನೆ. ಅಂಜನಾಬಾಯಿ ಬಯ್ಯಲಿಲ್ಲ. ಚೀಲದಿಂದ ಸೌಟು ತೆಗೆದು ತೊಳೆದಳು, ಗ್ಯಾಸು ಹೊತ್ತಿಸಿದಳು, ಎಣ್ಣೆ ಹಾಕಿದಳು, ಒಂದು ಚಿಟಿಕೆ ಸಾಸಿವೆ ಹಾಕಿದಳು. ಇಬ್ಬರೂ ನಿಂತು ಕಾದರು. ಹೆಚ್ಚು ಹೊತ್ತು ಬೇಕಾಗಲಿಲ್ಲ. ಚಟ್ ಎಂದಿತು, ಚಟಪಟ ಎಂದಿತು, ಒಂದು ಕಾಳು ಹಾರಿ ಅವನ ಕೈಗೆ ಬಡಿಯಿತು.

"ಕೇಳು," ಅಂದಳು ಅಂಜನಾಬಾಯಿ. "ಇದಕ್ಕ ಸಿಡಿಯೋದು ಅಂತಾರ."

ಸುಶೀಲಕುಮಾರನಿಗೆ ಅಳು ಬಂತು. ಆದರೆ ಅಳುವುದಕ್ಕಿಂತ ಮೊದಲು ಅವನ ಕಣ್ಣು ಗಡಿಯಾರದ ಕಡೆ ಹೋಯಿತು. ಐದು ಗಂಟೆ ಹತ್ತು ನಿಮಿಷ. ಚೀಲದಿಂದ ನಮೂನೆ ತೆಗೆದು, ಖಾಲಿ ಬಿಟ್ಟಿದ್ದ ಜಾಗದಲ್ಲಿ ತನ್ನ ಚೆಂದದ ಅಕ್ಷರದಲ್ಲಿ ಬರೆದ: '5.10'. ಆಮೇಲೆ ತಾಯಿ ಕೊಟ್ಟ ಬಿಸಿ ಒಗ್ಗರಣೆಯ ಎರಡು ಚಮಚ ಸೌತೆಕಾಯಿಯನ್ನು ನಿಂತಲ್ಲೇ ತಿಂದು, ಸಾವಕಾಶ ಅತ್ತ.

ಸೋಮವಾರ ಕಡತ ಎಲ್ಲ ಮೇಜುಗಳಿಗೂ ಹೋಗಿ ಬಂತು. ಕಚೇರಿ ಮುಚ್ಚುವುದು ಒಂದೂವರೆಗೆ, ಊಟ ಮುಗಿದದ್ದು ಮೂರಕ್ಕೆ, ಸಾಸಿವೆ ಐದೂ ಹತ್ತಕ್ಕೆ ಹೇಗೆ ಸಿಡಿಯಿತೆಂದು ಯಾರೂ ಕೇಳಲಿಲ್ಲ. ಮಹಾಮಾಯಾ ಮೇಡಂ ಸಹಿ ಹಾಕಿದರು. ಸಾಹೇಬರು 'ಚರ್ಚಿಸಲಾಗಿದೆ' ಎಂದು ಬರೆದರು. ರಿಚರ್ಡ ಒಬ್ಬ ಮಾತ್ರ ಕನ್ನಡಕ ಕೆಳಗಿಳಿಸಿ ಆ ಅಂಕಿಯನ್ನು ಬಹಳ ಹೊತ್ತು ನೋಡಿ, ಸುಶೀಲಕುಮಾರನನ್ನು ನೋಡಿ, "ಬರೋಬ್ಬರಿ ಅದಪಾ, ಇದೊಂದು ಬರೋಬ್ಬರಿ ಅದ," ಎಂದು ಸಾಕ್ಷಿ ಹಾಕಿದ.

ಈ ವರ್ಷದ ಸಹಭೋಜನದ ಸುತ್ತೋಲೆ ಕಳೆದ ವಾರ ಹೊರಬಿದ್ದಿದೆ. ಬರೆದವನು ಎಂದಿನಂತೆ ಸುಶೀಲಕುಮಾರ. ಚೀಟಿ ಎತ್ತಲಾಗಿದ್ದು, ಪತ್ರೊಳಿ, ಬರ್ಫ ಮತ್ತು ಸಲಾಡ ಬರಬೇಕಾದವರಿಗೇ ಬಂದಿವೆ. ಹೋದ ವರ್ಷ ಸಾಸಿವೆ ಎಂಥ ಸದ್ದು ಮಾಡಿತ್ತೆಂದು ಮಹಾಮಾಯಾ ಮೇಡಂ ಹೊಸದಾಗಿ ಬಂದವರಿಗೆ ಕೈಮಾಡಿ ವಿವರಿಸುತ್ತಿರುತ್ತಾರೆ. ಸುತ್ತೋಲೆಯ ಆರನೆಯ ಕಂಡಿಕೆ ಹೀಗಿದೆ: 'ಊಟವು ಮಧ್ಯಾಹ್ನ 1.30ಕ್ಕೆ ಪ್ರಾರಂಭವಾಗತಕ್ಕದ್ದು. ಸದರಿ ಊಟದ ಸಲಾಡಿನ ಸಾಸಿವೆಯು, ಪೂರ್ವನಿದರ್ಶನದಂತೆ, ಅದೇ ದಿನ ಸಂಜೆ 5.10ಕ್ಕೆ ಸಿಡಿಯತಕ್ಕದ್ದು.' ಇದನ್ನು ಎಲ್ಲರೂ ಓದಿ ಒಪ್ಪಿ ಸಹಿ ಮಾಡಿದ್ದಾರೆ. ಸುತ್ತೋಲೆಯ ಕೊನೆಗೆ, ಪ್ರತಿಗಳು ಎಂಬುದರ ಕೆಳಗೆ, ಸಾಹೇಬರ ಹೆಸರಾದ ಮೇಲೆ, ಹೊಸದೊಂದು ಸಾಲು ಸೇರಿದೆ: ಶ್ರೀಮತಿ ಅಂಜನಾಬಾಯಿ, ಭಾಲ್ಕಿ, ಇವರ ಮಾಹಿತಿಗಾಗಿ ಮತ್ತು ಅಗತ್ಯ ಕ್ರಮಕ್ಕಾಗಿ.